ಟಪಾಲು ಠಸೆಗಳ ಸಾಕ್ಷ್ಯ: ಘೋಡಗೇರಿ ಸೀಮೆಯ ಬ್ರಿಟಿಷ್ ಕಾಲದ ಪತ್ರಗಳಲ್ಲಿ ಅಪರೂಪದ ಅಂಚೆಮುದ್ರೆಗಳನ್ನು ಗುರುತಿಸುವ ಕ್ರಮ

ಜಾನಪದ ಅಧ್ಯಯನದಲ್ಲಿ ಮೌಖಿಕ ಆಕರಗಳಿಗೆ ದೊರೆತ ಮನ್ನಣೆ ಮನೆತನಗಳ ಕಾಗದಪತ್ರಗಳಿಗೆ ದೊರೆತಿಲ್ಲ. ಹಾಡಿನ ಪಾಠಗಳನ್ನು, ಕಥೆಯ ಆಶಯಗಳನ್ನು, ಆಚರಣೆಯ ವಿವರಗಳನ್ನು ನಮ್ಮ ಕ್ಷೇತ್ರಕಾರ್ಯಕರ್ತರು ಶ್ರದ್ಧೆಯಿಂದ ಸಂಗ್ರಹಿಸಿದ್ದಾರೆ. ಆದರೆ ಅದೇ ಮನೆಯ ತೊಲೆಗೆ ತೂಗುಹಾಕಿದ ತಂತಿಯಲ್ಲಿ ಪೋಣಿಸಿಟ್ಟ ಹಳೆಯ ಕಾರ್ಡುಗಳನ್ನು ಖಾಸಗಿ ಕಾಗದಗಳೆಂದು ಬಿಟ್ಟು ಬಂದಿದ್ದಾರೆ. ಪಂಚಮಿಗೆ ಮಗಳನ್ನು ಕಳುಹಿಸಿಕೊಡಲು ಬೀಗರಿಗೆ ಬರೆದ ಕಾರ್ಡು, ಜಾತ್ರೆಗೆ ಪಾರಿಜಾತದ ಮೇಳವನ್ನು ಕರೆಸಲು ವೀಳ್ಯದ ಮಾತನಾಡಿದ ಕಾಗದ, ದಂಡಿಗೆ ಹೋದ ಮಗನ ಕ್ಷೇಮ ಸಮಾಚಾರ ಇವೆಲ್ಲ ಜನಜೀವನದ ನೇರ ದಾಖಲೆಗಳು. ಇವುಗಳಲ್ಲಿ ಅನೇಕ ಪತ್ರಗಳಿಗೆ ಇಸವಿಯಿಲ್ಲ. ತಿಥಿ, ವಾರ ಮಾತ್ರ ಇರುತ್ತವೆ. ಬರೆದವರ ಊರೂ ಒಮ್ಮೊಮ್ಮೆ ಇರುವುದಿಲ್ಲ. ಹೀಗಿರುವಾಗ ಪತ್ರದ ಕಾಲವನ್ನೂ ಅದು ನಡೆದುಬಂದ ದಾರಿಯನ್ನೂ ಹೇಳಬಲ್ಲ ಹೊರಗಿನ ಸಾಕ್ಷಿ ಒಂದೇ: ಅದರ ಮೇಲೆ ಬಿದ್ದ ಅಂಚೆಮುದ್ರೆ.

ಅಂಚೆಮುದ್ರೆಗಳನ್ನು ಕುರಿತು ಈವರೆಗೆ ನಡೆದಿರುವ ಕೆಲಸವೆಲ್ಲ ಬಹುಮಟ್ಟಿಗೆ ಅಂಚೆಚೀಟಿ ಸಂಗ್ರಾಹಕರದು. ಮುಂಬಯಿಯ ಜಾಲ್ ಕೂಪರ್ ಅವರಂಥ ತಜ್ಞರು ಭಾರತದ ಆರಂಭಕಾಲದ ಮುದ್ರೆಗಳನ್ನು ಆಕಾರ, ಅಂಕಿ, ಅಕ್ಷರಗಳ ಆಧಾರದಿಂದ ವರ್ಗೀಕರಿಸಿ ಮಹದುಪಕಾರ ಮಾಡಿದ್ದಾರೆ. ಆದರೆ ಸಂಗ್ರಾಹಕನ ಕಣ್ಣಿಗೆ ಮುದ್ರೆ ಅಪರೂಪವಾದಷ್ಟೂ ಬೆಲೆಯುಳ್ಳದ್ದು. ಜಾನಪದ ವಿದ್ವಾಂಸನಿಗೆ ಅದು ಏಕೆ ಅಪರೂಪವಾಯಿತು ಎಂಬುದು ಮುಖ್ಯ. ಒಂದು ಹಳ್ಳಿಯ ಪತ್ರದ ಮೇಲೆ ಅನಿರೀಕ್ಷಿತ ಊರಿನ ಹೆಸರೋ, ಹೆಸರೇ ಇಲ್ಲದ ಬರಿಯ ಅಂಕಿಯೋ ಕಂಡುಬಂದರೆ, ಅದರ ಹಿಂದೆ ಆ ಹಳ್ಳಿಯ ಮುಖ ಯಾವ ಪೇಟೆಯ ಕಡೆಗೆ, ಯಾವ ದಾರಿಯ ಕಡೆಗೆ, ಯಾವ ಆಡಳಿತದ ಕಡೆಗೆ ತಿರುಗಿತ್ತು ಎಂಬ ಸಂಗತಿ ಅಡಗಿರುತ್ತದೆ. ಪ್ರಸ್ತುತ ಲೇಖನದಲ್ಲಿ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯನ್ನೂ ಅದರ ಪೂರ್ವಕ್ಕಿರುವ ಗೋಕಾಕ, ಮೂಡಲಗಿ ಸೀಮೆಯನ್ನೂ ನಡುವಿಟ್ಟುಕೊಂಡು ಈ ಓದಿನ ಕ್ರಮವನ್ನು ವಿವರಿಸಲು ಯತ್ನಿಸಲಾಗಿದೆ.

ವಿಳಾಸವನ್ನು ಓದುವುದು

ಮುದ್ರೆಗಿಂತ ಮೊದಲು ವಿಳಾಸ. ಹಳೆಯ ಮೈಸೂರಿನಲ್ಲಿ ‘ಅಂಚೆ’ ಎಂಬ ಮಾತು ರೂಢವಾಗಿದ್ದರೆ ಮುಂಬಯಿ ಕರ್ನಾಟಕದಲ್ಲಿ ‘ಟಪಾಲು’ ಅಥವಾ ‘ಟಪ್ಪಾಲು’ ಎಂಬುದೇ ಜನರ ಮಾತು. ಅಂಚೆ ಎಂಬುದು ‘ಹಂಸ’ ಶಬ್ದದ ತದ್ಭವವೆಂದು ಹೇಳಿ ಅದನ್ನು ಹಂಸದೂತದ ಕಲ್ಪನೆಗೆ ಜೋಡಿಸುವುದುಂಟು. ಈ ವ್ಯತ್ಯಾಸ ಬರಿಯ ಶಬ್ದದ್ದಲ್ಲ. ಮೈಸೂರು ಸಂಸ್ಥಾನದ ಅಂಚೆ 1889ರಲ್ಲಿ ಬ್ರಿಟಿಷ್ ಅಂಚೆಯೊಡನೆ ವಿಲೀನವಾಗುವವರೆಗೆ ತನ್ನದೇ ವ್ಯವಸ್ಥೆಯನ್ನೂ ಮುದ್ರೆಗಳನ್ನೂ ಹೊಂದಿತ್ತು. ಬೆಳಗಾವಿ ಜಿಲ್ಲೆಯಾದರೋ ನೇರವಾಗಿ ಮುಂಬಯಿ ಪ್ರಾಂತದ ಟಪಾಲಿಗೆ ಒಳಪಟ್ಟಿತ್ತು. ಆದ್ದರಿಂದ ಮೈಸೂರು ಅಂಚೆಯ ಮುದ್ರೆಗಳಿಗೆ ಹೇಳಿದ ಲಕ್ಷಣಗಳನ್ನು ಇಲ್ಲಿಯ ಪತ್ರಗಳಿಗೆ ಅನ್ವಯಿಸುವಂತಿಲ್ಲ.

ಈ ಭಾಗದ ವಿಳಾಸಗಳಲ್ಲಿ ‘ಮು.’ ಮತ್ತು ‘ಪೋ.’ ಎಂಬ ಎರಡು ಸಂಕ್ಷೇಪಗಳು ತಪ್ಪದೆ ಕಾಣುತ್ತವೆ. ಮುಕ್ಕಾಮು ಎಂದರೆ ವಾಸದ ಊರು, ಪೋಸ್ಟು ಎಂದರೆ ಟಪಾಲು ಕಚೇರಿಯ ಊರು. ‘ಮು. ಪೋ.’ ಎಂದು ಎರಡನ್ನೂ ಕೂಡಿಸಿ ಒಂದೇ ಊರನ್ನು ಬರೆದಿದ್ದರೆ ಆ ಊರಿನಲ್ಲಿಯೇ ಕಚೇರಿಯಿತ್ತೆಂದು ಅರ್ಥ. ‘ಮು.’ ಒಂದು ಊರು, ‘ಪೋ.’ ಇನ್ನೊಂದು ಊರು ಎಂದು ಬೇರೆ ಬೇರೆ ಬರೆದಿದ್ದರೆ ಆ ಹಳ್ಳಿ ಮತ್ತೊಂದು ಊರಿನ ಕಚೇರಿಯ ಆಸರೆಯಲ್ಲಿತ್ತೆಂದು ತಿಳಿಯಬೇಕು. ಒಂದೇ ಮನೆತನದ ಐವತ್ತು ವರ್ಷಗಳ ಕಾರ್ಡುಗಳನ್ನು ಕಾಲಾನುಕ್ರಮದಲ್ಲಿ ಹರಡಿ ನೋಡಿದರೆ, ಈ ಎರಡು ಸಂಕ್ಷೇಪಗಳು ಯಾವಾಗ ಕೂಡಿಕೊಂಡವು ಎಂಬುದರಿಂದ ಆ ಹಳ್ಳಿಗೆ ಕಚೇರಿ ಬಂದ ಕಾಲವನ್ನು ಸ್ಥೂಲವಾಗಿ ಹೇಳಬಹುದು. ಇಲಾಖೆಯ ದಾಖಲೆ ಕೈಗೆ ಸಿಗದ ಸಣ್ಣ ಊರುಗಳಿಗೆ ಇದಕ್ಕಿಂತ ಒಳ್ಳೆಯ ಆಧಾರವಿಲ್ಲ.

ತಾಲ್ಲೂಕಿನ ಹೆಸರಿನಲ್ಲಿಯೂ ಎಚ್ಚರಿಕೆ ಅಗತ್ಯ. 1884ರಲ್ಲಿ ಪ್ರಕಟವಾದ ಮುಂಬಯಿ ಗ್ಯಾಸೆಟಿಯರಿನ ಬೆಳಗಾವಿ ಸಂಪುಟದಲ್ಲಿ ಹುಕ್ಕೇರಿ ಪ್ರತ್ಯೇಕ ತಾಲ್ಲೂಕಲ್ಲ. ಅದು ಚಿಕ್ಕೋಡಿಯ ಒಳಗೆ ಬರುತ್ತದೆ. ಹುಕ್ಕೇರಿ ಸೀಮೆಯ ಹಳ್ಳಿಗೆ ‘ತಾ. ಚಿಕ್ಕೋಡಿ’ ಎಂದು ಬರೆದಿರುವುದು ಬರೆದವನ ಅಜ್ಞಾನವಲ್ಲ, ಪತ್ರದ ಪ್ರಾಚೀನತೆಗೆ ಸೂಚನೆ. ಮೂಡಲಗಿಯ ಹಳ್ಳಿಗಳೆಲ್ಲ ಇತ್ತೀಚಿನವರೆಗೆ ಗೋಕಾಕ ತಾಲ್ಲೂಕಿನಲ್ಲಿದ್ದವು. ಪೂರ್ವದ ನೆರೆಯ ಜಿಲ್ಲೆಯನ್ನು ‘ಕಲಾದಗಿ ಜಿಲ್ಲೆ’ ಎಂದು ಹೆಸರಿಸಿದ್ದರೆ ಅದು ಆಡಳಿತ ಕೇಂದ್ರ ವಿಜಾಪುರಕ್ಕೆ ಹೋಗುವ ಮುಂಚಿನದು, ಎಂದರೆ 1880ರ ದಶಕದ ನಡುಭಾಗಕ್ಕಿಂತ ಹಿಂದಿನದು ಆಗಿರುವ ಸಂಭವ ಹೆಚ್ಚು. ಕಾಗದದ ಮೇಲಿನ ವಿಳಾಸ ಕನ್ನಡದಲ್ಲಿಯೋ ಮೋಡಿಯಲ್ಲಿಯೋ ಇದ್ದಾಗ ಟಪಾಲು ಗುಮಾಸ್ತನು ಕಚೇರಿಯ ಹೆಸರನ್ನು ಇಂಗ್ಲಿಷಿನಲ್ಲಿ ಮೇಲೆ ಗೀಚುತ್ತಿದ್ದುದುಂಟು. ಸೂಚೀಕಾರರು ಇದನ್ನು ‘ಅನ್ಯ ಹಸ್ತಾಕ್ಷರ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಮುದ್ರೆ ಅಳಿಸಿಹೋಗಿದ್ದಾಗ ಪತ್ರ ಯಾವ ಕಚೇರಿಗೆ ಹೋಗಬೇಕಿತ್ತು ಎಂದು ತಿಳಿಸುವುದು ಆ ಗೀಚೇ.

ಅಂಕಿಯ ಮುದ್ರೆಗಳು

ಭಾರತದಾದ್ಯಂತ ಏಕರೂಪದ ದರವೂ ಅಂಚೆಚೀಟಿಯೂ ಜಾರಿಗೆ ಬಂದದ್ದು 1854ರ ಅಕ್ಟೋಬರ್ 1ರಂದು. ಒಮ್ಮೆ ಬಳಸಿದ ಚೀಟಿಯನ್ನು ಮತ್ತೆ ಬಳಸದಂತೆ ಕೆಡಿಸುವುದು ಆ ಕಾಲದ ಮುದ್ರೆಯ ಮೊದಲ ಕೆಲಸ; ಊರು, ದಿನಾಂಕಗಳನ್ನು ತಿಳಿಸುವ ಮುದ್ರೆ ಬೇರೆಯಾಗಿತ್ತು. ಇಂಗ್ಲೆಂಡಿನಲ್ಲಿಯೂ 1840ರ ಮಾಲ್ಟೀಸ್ ಶಿಲುಬೆಯ ಮುದ್ರೆಯ ನಂತರ 1844ರಲ್ಲಿ ಅಂಕಿಯ ಮುದ್ರೆಗಳು ಬಂದವು. ಅದೇ ಪದ್ಧತಿ ಇಲ್ಲಿಯೂ ಕಾಣಿಸಿಕೊಂಡಿತು. ಮುಂಬಯಿ ವೃತ್ತದ ಕಚೇರಿಗಳಲ್ಲಿ ವಜ್ರಾಕೃತಿಯಲ್ಲಿ ಜೋಡಿಸಿದ ಗೆರೆಗಳ ನಡುವೆ ಒಂದು ಅಂಕಿಯಿರುತ್ತಿತ್ತು. ಬಂಗಾಲ ಮತ್ತು ಮದರಾಸು ವೃತ್ತಗಳಲ್ಲಿ ಅಷ್ಟಕೋನದ ಆಕೃತಿಯೊಳಗೆ ಅಂಕಿಯ ಮೇಲೆ ಕ್ರಮವಾಗಿ ‘ಬಿ’ ಮತ್ತು ‘ಸಿ’ ಎಂಬ ಇಂಗ್ಲಿಷ್ ಅಕ್ಷರಗಳಿದ್ದವು.

ಈ ಅಂಕಿ ಚೀಟಿಯ ಬೆಲೆಯಲ್ಲ, ಹಳ್ಳಿಯ ಸಂಖ್ಯೆಯಲ್ಲ, ಪತ್ರದ ಕ್ರಮಾಂಕವೂ ಅಲ್ಲ. ಅದು ಕಚೇರಿಯ ಗುರುತು. ಸಿಂಗಪುರದ ಕಚೇರಿ ಬಂಗಾಲ ವೃತ್ತಕ್ಕೆ ಸೇರಿದ್ದರಿಂದ ಅದರ ಮುದ್ರೆ ‘ಬಿ 172’. ಏಡನ್ ಬಂದರು ಮುಂಬಯಿ ವೃತ್ತಕ್ಕೆ ಸೇರಿದ್ದರಿಂದ ಅದಕ್ಕೆ ಮೊದಲು ದೊರೆತದ್ದು ಅಕ್ಷರವಿಲ್ಲದ ‘124’. ಅದೇ ಕಚೇರಿಯ ಅಂಕಿ ಮುಂದೆ ಬದಲಾಯಿತು. ಆದ್ದರಿಂದ ಅಂಕಿಯನ್ನು ಕಾಲದೊಡನೆ ಹೊಂದಿಸದೆ ಕಚೇರಿಯನ್ನು ನಿರ್ಧರಿಸಲಾಗದು.

ಇಲ್ಲಿ ಒಂದು ತೊಡಕಿದೆ. 1873ರ ಸುಮಾರಿಗೆ ಹೊಸ ಪದ್ಧತಿ ಬಂದಾಗ ವೃತ್ತಗಳ ಅಕ್ಷರಗಳೇ ಬದಲಾದವು. ಹೊಸ ಕ್ರಮದಲ್ಲಿ ‘ಬಿ’ ಮುಂಬಯಿಯನ್ನು, ‘ಸಿ’ ಕಲಕತ್ತೆಯನ್ನು, ‘ಎಂ’ ಮದರಾಸನ್ನು, ‘ಕೆ’ ಕರಾಚಿಯನ್ನು ಸೂಚಿಸತೊಡಗಿದವು. ಏಡನ್ನಿನ ಮುದ್ರೆಯೂ ‘ಬಿ 22’ ಆಯಿತು. ಎಂದರೆ ಗೋಕಾಕದ ಮನೆಯೊಂದರಲ್ಲಿ ದೊರೆತ ಲಕೋಟೆಯ ಮೇಲೆ ‘ಬಿ’ ಅಕ್ಷರ ಕಂಡಾಗ, ಅದು 1860ರ ದಶಕದ್ದಾದರೆ ಬಂಗಾಲ ವೃತ್ತದಿಂದ ದೂರದ ದಾರಿ ಸವೆಸಿ ಬಂದದ್ದು. 1880ರ ದಶಕದ್ದಾದರೆ ತನ್ನದೇ ಪ್ರಾಂತದೊಳಗೆ ಹುಟ್ಟಿದ್ದು. ಅಕ್ಷರ ಒಂದೇ, ಅರ್ಥ ಎರಡು. ಶಾಸನ ಓದುವವರಿಗೆ ಈ ಬಗೆಯ ಸಮಸ್ಯೆ ಹೊಸದಲ್ಲ: ಲಿಪಿಯ ರೂಪವನ್ನು ಕಾಲದಿಂದ ಬೇರ್ಪಡಿಸಿ ಓದಿದರೆ ಆಗುವ ಪ್ರಮಾದವೇ ಇಲ್ಲಿಯೂ ಆಗುತ್ತದೆ.

ಇದೇ ಹಂತದಲ್ಲಿ ದಿನಾಂಕದ ಮುದ್ರೆಯೂ ಚೀಟಿ ಕೆಡಿಸುವ ಮುದ್ರೆಯೂ ಒಂದೇ ಹಿಡಿಕೆಗೆ ಜೋಡಣೆಯಾಗಿ ಜೋಡಿಮುದ್ರೆಯಾಯಿತು. 1880ರ ದಶಕದ ನಡುವಿನಿಂದ ಚೌಕದೊಳಗಿನ ವೃತ್ತದ ಮುದ್ರೆ ವ್ಯಾಪಕವಾಯಿತು. ನಮ್ಮ ಸೀಮೆಯ ಮನೆಗಳಲ್ಲಿ ಉಳಿದಿರಬಹುದಾದ ಹಳೆಯ ಕಾರ್ಡುಗಳ ಮಟ್ಟಿಗೆ ಈ ಚೌಕವೃತ್ತವೇ ಹೆಚ್ಚು ಉಪಯೋಗದ್ದು, ಏಕೆಂದರೆ ಊರು, ದಿನ, ತಿಂಗಳು, ಇಸವಿ ಎಲ್ಲವೂ ಒಂದೇ ಕಡೆ ಇರುತ್ತವೆ. ತಿಂಗಳನ್ನು ಎರಡೇ ಅಕ್ಷರಗಳಲ್ಲಿ ಸೂಚಿಸಿದಾಗ ಜೂನ್ ಮತ್ತು ಜುಲೈ, ಮಾರ್ಚ್ ಮತ್ತು ಮೇ ಒಂದರಂತೊಂದು ಕಾಣುವುದನ್ನು ಮಾತ್ರ ಗಮನದಲ್ಲಿಡಬೇಕು. ಕೊನೆಯ ಅಕ್ಷರ ಮಾಸಿದ್ದರೆ ಮಳೆಗಾಲಕ್ಕೆ ಮುಂಚಿನ ಪತ್ರ ನಡುಮಳೆಯದಾಗಿಬಿಡುತ್ತದೆ.

ಅಂಕಿಯ ಮುದ್ರೆಗಳಲ್ಲಿ ಹಳ್ಳಿಗಾಡಿಗೆ ವಿಶೇಷವಾಗಿ ಸಂಬಂಧಿಸಿದ ಇನ್ನೊಂದು ಬಗೆಯಿದೆ. ಇಪ್ಪತ್ತನೆಯ ಶತಮಾನದಲ್ಲಿ ಹೊಸ ಹಳ್ಳಿಯಲ್ಲಿ ಕಚೇರಿಯನ್ನು ಕಾಯಂ ಮಾಡುವ ಮುನ್ನ ಪ್ರಾಯೋಗಿಕವಾಗಿ ತೆರೆಯುವ ರೂಢಿಯಿತ್ತು. ಅಂಥ ಕಚೇರಿಯ ಮುದ್ರೆಯಲ್ಲಿ ಊರ ಹೆಸರಿನ ಬದಲು ‘ಎಕ್ಸ್‌ಪೆರಿಮೆಂಟಲ್ ಪಿ.ಓ.’ ಎಂಬ ಬರಹ, ವೃತ್ತದ ಅಕ್ಷರ, ಒಂದು ಅಂಕಿ ಇಷ್ಟೇ ಇರುತ್ತಿದ್ದವು. ಪರ್ಶಿಯನ್ ಕೊಲ್ಲಿಯ ಬಹರೇನಿನಲ್ಲಿಯೂ ಭಾರತದ ಅಂಚೆ ಇಂಥ ಮುದ್ರೆಯನ್ನು ಬಳಸಿದ್ದುಂಟು. ಕಚೇರಿ ಕಾಯಂ ಆದರೆ ಹೆಸರಿನ ಮುದ್ರೆ ಬರುತ್ತಿತ್ತು. ಪ್ರಯೋಗ ಫಲಿಸದಿದ್ದರೆ ಕಚೇರಿ ಮುಚ್ಚುತ್ತಿತ್ತು. ಹೀಗಾಗಿ ಇದು ಹೆಸರು ಪಡೆಯುವ ಹೊಸ್ತಿಲಲ್ಲಿ ನಿಂತಿದ್ದ ಹಳ್ಳಿಯ ಗುರುತು.

ಇಂಥ ಮುದ್ರೆಯನ್ನು ಬಿಡಿಸುವಲ್ಲಿ ನಮ್ಮ ಕೈಯಲ್ಲಿ ಸಂಗ್ರಾಹಕರಲ್ಲಿ ಅನೇಕರ ಬಳಿ ಇಲ್ಲದ ಸಾಧನವೊಂದಿದೆ. ವ್ಯಾಪಾರಕ್ಕೆ ಬಿದ್ದ ಲಕೋಟೆಯೊಳಗಿನ ಕಾಗದ ಸಾಮಾನ್ಯವಾಗಿ ಎಲ್ಲಿಯೋ ಕಳೆದುಹೋಗಿರುತ್ತದೆ. ಮನೆಯಲ್ಲಿ ಉಳಿದ ಪತ್ರದಲ್ಲಿ ಒಳಗಿನ ಬರಹವೂ ಇರುತ್ತದೆ. ಹೊರಗೆ ಊರಿಲ್ಲದ ಅಂಕಿ, ಒಳಗೆ ‘ಮುಕ್ಕಾಮು’ ಎಂದು ಊರಿನ ಹೆಸರು, ಊರ ದೇವರ ಉಲ್ಲೇಖ, ಸಂತೆಯ ದಿನ. ಇವೆರಡನ್ನೂ ಕೂಡಿಸಿ ಓದಿದಾಗ ಅಂಕಿ ಯಾವ ಊರಿನದೆಂದು ತಿಳಿಯುತ್ತದೆ. ಎಂದರೆ ಮುದ್ರೆ ಪತ್ರದ ಕಾಲವನ್ನು ಹೇಳುವಂತೆ ಪತ್ರವೂ ಮುದ್ರೆಯ ಊರನ್ನು ಹೇಳುತ್ತದೆ. ಒಂದೇ ಪತ್ರದಿಂದ ನಿರ್ಣಯಕ್ಕೆ ಬರುವುದು ತರವಲ್ಲ. ಒಂದೇ ಅಂಕಿಯ ಎರಡು ಮೂರು ಪತ್ರಗಳಾದರೂ ಬೇಕು.

ಹಳ್ಳಿಯ ಮುಖ ಯಾವ ಕಡೆಗೆ?

ಘೋಡಗೇರಿಯ ನೆಲೆ ಈ ದೃಷ್ಟಿಯಿಂದ ಕುತೂಹಲಕರವಾದುದು. ಪಶ್ಚಿಮಕ್ಕೆ ಕೊಲ್ಹಾಪುರ, ನಿಪ್ಪಾಣಿ, ಸಂಕೇಶ್ವರಗಳ ಮೇಲೆ ಹಾಯ್ದು ಬೆಳಗಾವಿ, ಧಾರವಾಡಗಳಿಗೆ ಹೋಗುವ ಹಳೆಯ ಹೆದ್ದಾರಿ. ಪೂರ್ವಕ್ಕೆ ಪುಣೆ–ಲೋಂಡಾ ರೈಲುಮಾರ್ಗ. ಗೋಕಾಕ ರೋಡ್, ಘಟಪ್ರಭಾ ನಿಲ್ದಾಣಗಳು. ರೈಲು ಈ ಸೀಮೆಗೆ ಬಂದದ್ದು 1880ರ ದಶಕದ ಕೊನೆಯ ಭಾಗದಲ್ಲಿ. ಅದಕ್ಕೂ ಮುಂಚೆ ಪತ್ರಗಳ ಚೀಲ ಸಾಗುತ್ತಿದ್ದುದು ಗಾಡಿಯ ಮೇಲೆ, ಇಲ್ಲವೇ ಗೆಜ್ಜೆ ಕಟ್ಟಿದ ಈಟಿ ಹಿಡಿದ ಓಟದ ಆಳಿನ ಹೆಗಲ ಮೇಲೆ. ಅದೇ ದಶಕದಲ್ಲಿ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿಯೂ ಆರಂಭವಾಯಿತು. ಹೀಗೆ ಕೆಲವೇ ವರ್ಷಗಳಲ್ಲಿ ಸೀಮೆಯ ಆಕರ್ಷಣೆ ಹೆದ್ದಾರಿಯಿಂದ ಹಳಿಯ ಕಡೆಗೆ ಸರಿಯಲು ಎಲ್ಲ ಕಾರಣಗಳೂ ಒದಗಿದವು.

ಈ ಸರಿತ ನಿಜವಾಗಿಯೂ ಆಯಿತೇ, ಆಗಿದ್ದರೆ ಯಾವ ಹಳ್ಳಿಗೆ ಯಾವಾಗ ಆಯಿತು ಎಂಬ ಪ್ರಶ್ನೆಗೆ ಆಡಳಿತದ ಕಡತಗಳು ಜಿಲ್ಲೆಯ ಮಟ್ಟದ ಉತ್ತರ ಕೊಡುತ್ತವೆ. ಮನೆಯ ಮಟ್ಟದ ಉತ್ತರ ಕೊಡುವುದು ಕಾರ್ಡಿನ ಮೇಲಿನ ಮುದ್ರೆಗಳೇ. ಹೊರಟ ಕಚೇರಿಯ ಮುದ್ರೆ ಚೀಟಿಯ ಮೇಲೆ ಬೀಳುತ್ತದೆ. ಮುಟ್ಟಿದ ಕಚೇರಿಯದು ಲಕೋಟೆಯಾದರೆ ಬೆನ್ನಿಗೆ, ಕಾರ್ಡಾದರೆ ಬಹುಶಃ ವಿಳಾಸದ ಬದಿಯಲ್ಲಿ. ಘೋಡಗೇರಿಯಂಥ ಹಳ್ಳಿಗೆ ಬಂದ ಕಾರ್ಡುಗಳಲ್ಲಿ ಮುಟ್ಟಿದ ಮುದ್ರೆ ಸಂಕೇಶ್ವರದ್ದೋ ಹುಕ್ಕೇರಿಯದೋ ಗೋಕಾಕದ್ದೋ ಎಂದು ವರ್ಷವಾರು ಗುರುತುಹಾಕುತ್ತ ಹೋದರೆ ಹಳ್ಳಿ ತನ್ನ ಮುಖವನ್ನು ಯಾವ ಕಡೆಗೆ ತಿರುಗಿಸಿತ್ತೆಂಬುದು ತಾನಾಗಿ ಮೂಡುತ್ತದೆ. ಸಂತೆ, ಜಾತ್ರೆ, ಬೀಗತನ, ಮೇಳಗಳ ಸಂಚಾರ ಇವುಗಳ ಭೂಪಟವನ್ನು ಇದರ ಪಕ್ಕದಲ್ಲಿಟ್ಟು ಹೋಲಿಸಬೇಕು. ಕುಲಗೋಡ ತಮ್ಮಣ್ಣನಿಂದ ರೂಪುಗೊಂಡು ಕೌಜಲಗಿ ನಿಂಗಮ್ಮನಂಥ ಕಲಾವಿದೆಯಿಂದ ಹೆಸರಾದ ಶ್ರೀಕೃಷ್ಣ ಪಾರಿಜಾತದ ಮೂಲನೆಲೆ ಈ ಸೀಮೆಯ ಊರುಗಳೇ. ಮೇಳಗಳು ಎಲ್ಲಿಯವರೆಗೆ ಹೋಗುತ್ತಿದ್ದವು ಎಂಬುದನ್ನು ಕಲಾವಿದರ ನೆನಪಿನಿಂದ ಮಾತ್ರ ಬರೆಯುತ್ತ ಬಂದಿದ್ದೇವೆ. ಕರೆಯ ಕಾಗದಗಳ ಮುದ್ರೆಗಳು ಆ ನೆನಪನ್ನು ಒರೆಗೆ ಹಚ್ಚಬಲ್ಲವು.

ಮುದ್ರೆಯ ಊರನ್ನೇ ಬರೆದವರ ಊರೆಂದು ತಿಳಿಯುವುದು ಈ ಓದಿನಲ್ಲಿ ಅತಿ ಸಾಮಾನ್ಯವಾದ ದೋಷ. ಹಳ್ಳಿಯ ಶಾಖಾ ಕಚೇರಿ ಶಾಲೆಯ ಮಾಸ್ತರರ ಕೈಯಲ್ಲಿ, ಅವರ ಬಿಡುವಿನ ವೇಳೆಯಲ್ಲಿ ನಡೆಯುತ್ತಿದ್ದುದು ಸಾಮಾನ್ಯ. ಅಲ್ಲಿ ಹಾಕಿದ ಪತ್ರದ ಚೀಟಿಯ ಮೇಲೆ ಲೆಕ್ಕಕ್ಕೆ ಸಂಬಂಧಿಸಿದ ದೊಡ್ಡ ಕಚೇರಿಯ ಮುದ್ರೆ ಬಿದ್ದಿರುವುದು ಅಸಂಭವವಲ್ಲ. ಅದೇ ರೀತಿ ಮುಟ್ಟಿದ ಮುದ್ರೆಯ ದಿನವೇ ಮನೆಗೆ ಮುಟ್ಟಿದ ದಿನವಲ್ಲ. ಕಚೇರಿಯಿಲ್ಲದ ಊರಿಗೆ ಹಳ್ಳಿ ಟಪಾಲಿಯವನು ತನ್ನ ಸರದಿಯ ದಿನ ಬರುತ್ತಿದ್ದ. ಕಾರ್ಡು ಪೇಟೆಯ ಕಚೇರಿಯಲ್ಲಿ ಮೂರು ನಾಲ್ಕು ದಿನ ಕುಳಿತಿರಬಹುದು. ಸಂತೆಗೆ ಹೋದ ಓಣಿಯವರ ಕೈಯಲ್ಲಿ ಬಂದಿರಲೂಬ���ುದು. ಗೋಕಾಕ ಮತ್ತು ಗೋಕಾಕ ಫಾಲ್ಸ್ ಬೇರೆ ಬೇರೆ ಕಚೇರಿಗಳೆಂಬುದನ್ನೂ ಮರೆಯಬಾರದು. ಎರಡನೆಯದರ ಮುದ್ರೆ ಇದ್ದರೆ ಪೇಟೆಯ ಬದಲು ಗಿರಣಿಯ ವಸತಿಯತ್ತ ನೋಡಬೇಕು.

ಊರಿನ ಹೆಸರೇ ಇಲ್ಲದೆ ‘ಆರ್.ಎಂ.ಎಸ್.’ ಎಂಬ ಅಕ್ಷರಗಳೂ ತಂಡದ ಸಂಖ್ಯೆಯೂ ಇರುವ ಮುದ್ರೆ ಚಲಿಸುವ ರೈಲಿನಲ್ಲಿ ಪತ್ರಗಳನ್ನು ಬೇರ್ಪಡಿಸುವ ವಿಭಾಗದ್ದು. ಭಾರತದಲ್ಲಿ ರೈಲಿನಲ್ಲಿ ಬೇರ್ಪಡಿಸುವ ಕೆಲಸ 1863ರಲ್ಲಿ ಅಲಹಾಬಾದ್ ಮತ್ತು ಕಾನ್ಪುರಗಳ ನಡುವೆ ಆರಂಭವಾಯಿತು. ‘ಔಟ್’, ‘ಇನ್’ ಎಂಬ ಮಾತುಗಳು ತಂಡ ಹೊರಟ ಪಯಣವನ್ನೂ ಮರಳಿದ ಪಯಣವನ್ನೂ ಸೂಚಿಸುತ್ತವೆ. ಇಂಥ ಮುದ್ರೆ ಚೀಟಿಯ ಮೇಲೆಯೇ ಇದ್ದರೆ, ಬರೆದವನು ಕಚೇರಿಗೆ ಹೋಗದೆ ನಿಲ್ದಾಣದಲ್ಲಿ ರೈಲಿನ ಪೆಟ್ಟಿಗೆಗೆ ಹಾಕಿರುವ ಸಾಧ್ಯತೆ ಹೆಚ್ಚು.

ತಿಥಿ, ಸಂವತ್ಸರ ಮತ್ತು ದರ

ಮನೆಯ ಪತ್ರಗಳ ಕಾಲಗಣನೆ ಸಂವತ್ಸರದ್ದು. ‘ವಿಜಯನಾಮ ಸಂವತ್ಸರ, ಶ್ರಾವಣ ಶುದ್ಧ’ ಎಂದಷ್ಟೇ ಇರುವ ಪತ್ರವನ್ನು ತೆಗೆದುಕೊಳ್ಳೋಣ. ಅರವತ್ತು ವರ್ಷಗಳ ಚಕ್ರದಲ್ಲಿ ವಿಜಯ ಸಂವತ್ಸರ ಬಂದದ್ದು 1893ರಲ್ಲಿ, ಎಂದರೆ ಶಕೆ 1815ರಲ್ಲಿ, ಮತ್ತೆ 1953ರಲ್ಲಿ. ಕಾಗದ, ಮಸಿ, ಭಾಷೆಗಳಿಂದ ಇವೆರಡರ ನಡುವೆ ನಿರ್ಣಯಿಸಬಹುದೆಂದು ಕೆಲವರು ಹೇಳುತ್ತಾರೆ. ಹಳ್ಳಿಯ ಪತ್ರಭಾಷೆ ಅರವತ್ತು ವರ್ಷಗಳಲ್ಲಿ ಅಷ್ಟೇನೂ ಬದಲಾಗದಿರುವುದನ್ನು ಬಲ್ಲವರು ಈ ಮಾತನ್ನು ಒಪ್ಪಲಾರರು. ‘ಸಾಷ್ಟಾಂಗ ನಮಸ್ಕಾರ ವಿಜ್ಞಾಪನೆ’ಯೂ ‘ಶರಣು ಶರಣಾರ್ಥಿ’ಯೂ ಅಜ್ಜನ ಪತ್ರದಲ್ಲಿದ್ದಂತೆಯೇ ಮೊಮ್ಮಗನ ಪತ್ರದಲ್ಲಿಯೂ ಇರುತ್ತವೆ.

ಮುದ್ರೆಯಲ್ಲಿ ಇಸವಿಯ ಕೊನೆಯ ಎರಡು ಅಂಕಿಗಳು ಸ್ಪಷ್ಟವಾಗಿದ್ದರೆ ಪ್ರಶ್ನೆಯೇ ಇಲ್ಲ. ‘3’ ಮಾತ್ರ ಕಾಣುತ್ತಿದ್ದು ಮುಂದಿನದು ಮಾಸಿದ್ದರೆ ಚೀಟಿಯನ್ನೂ ದರವನ್ನೂ ಕರೆಯಬೇಕು. ಭಾರತದಲ್ಲಿ ಕಾರ್ಡು ಬಂದದ್ದು 1879ರ ಜುಲೈ 1ರಂದು, ಕಾಲಾಣೆಗೆ. ಆ ದರ 1922ರವರೆಗೆ ಹಾಗೆಯೇ ಇದ್ದು ಆ ವರ್ಷ ಅರ್ಧಾಣೆಯಾಯಿತು. 1931ರಲ್ಲಿ ಒಂಬತ್ತು ಪೈ ಆಯಿತು. ಲಕೋಟೆಯ ಕನಿಷ್ಠ ದರ ಅರ್ಧಾಣೆಯಿಂದ ಒಂದಾಣೆಗೆ ಏರಿದ್ದೂ 1922ರಲ್ಲಿಯೇ. ಚೀಟಿಯ ಮೇಲಿನ ಮುಖವೂ ಸಹಾಯಕ: ರಾಣಿ ವಿಕ್ಟೋರಿಯಾ, 1902ರಿಂದ ಏಳನೆಯ ಎಡ್ವರ್ಡ್, 1911ರಿಂದ ಐದನೆಯ ಜಾರ್ಜ್, 1937ರಿಂದ ಆರನೆಯ ಜಾರ್ಜ್. ‘ಈಸ್ಟ್ ಇಂಡಿಯಾ’ ಎಂಬ ಬರಹವುಳ್ಳ ಚೀಟಿಗಳು 1882ರಿಂದ ‘ಇಂಡಿಯಾ’ ಎಂಬ ಬರಹದವುಗಳಿಗೆ ದಾರಿ ಬಿಟ್ಟವು. ಆದರೆ ಮುಖವು ಪತ್ರದ ಹಿಂದಿನ ಗಡಿಯನ್ನು ಮಾತ್ರ ಹೇಳುತ್ತದೆ. ರಾಣಿ ಸತ್ತ ಮೇಲೆಯೂ ಆಕೆಯ ಮುಖದ ಕಾರ್ಡು ಹಳ್ಳಿಯ ಗೂಡಿನಲ್ಲಿ ಉಳಿದು ಬಳಕೆಯಾಗಬಹುದು. ಮುಂದಿನ ಗಡಿಯನ್ನು ಹೇಳುವುದು ದರ: 1922ರ ನಂತರ ಕಾಲಾಣೆಯ ಕಾರ್ಡನ್ನು ಕಳುಹಿಸಬೇಕಾದರೆ ಹೆಚ್ಚಿನ ಚೀಟಿ ಅಂಟಿಸಲೇಬೇಕಿತ್ತು.

ಆರನೆಯ ಜಾರ್ಜನ ಚೀಟಿಯ ಮೇಲೆ ‘ಜೈ ಹಿಂದ್’ ಎಂಬ ಘೋಷಣೆಯ ಮುದ್ರೆ ಕಂಡರೆ ಅದನ್ನು ಕೃತಕವೆಂದು ತಳ್ಳಿಹಾಕಬಾರದು. ಆ ಘೋಷಣೆ 1947ರ ಆಗಸ್ಟ್ 15ರಂದೇ ಬಂದಿತು. ಸ್ವತಂತ್ರ ಭಾರತದ ಮೊದಲ ಚೀಟಿ ಬಂದದ್ದು ಅದೇ ವರ್ಷದ ನವೆಂಬರ್ 21ರಂದು. ನಡುವಿನ ಮೂರು ತಿಂಗಳು ರಾಜನ ಮುಖ, ಪ್ರಜೆಯ ಘೋಷ ಎರಡೂ ಒಂದೇ ಕಾಗದದ ಮೇಲಿದ್ದವು.

ಹಣದ ಮತ್ತು ತಡವಾದುದರ ಗುರುತುಗಳು

ಚೀಟಿಯಿಲ್ಲದ ಅಥವಾ ಕಡಿಮೆ ಚೀಟಿಯ ಪತ್ರಕ್ಕೆ ‘ಬೇರಿಂಗ್’ ಎಂಬ ಮುದ್ರೆ ಬಿದ್ದು, ಪಡೆಯುವವರಿಂದ ಇಮ್ಮಡಿ ಹಣ ವಸೂಲಾಗುತ್ತಿತ್ತು. ಹಿಂದಿಯ ‘ಬೈರಂಗ್’ ಈ ಶಬ್ದದಿಂದಲೇ ಬಂದದ್ದು. ಬೇರಿಂಗ್ ಮುದ್ರೆ ಕಂಡೊಡನೆ ಬಡತನವನ್ನೋ ಮರೆವನ್ನೋ ಊಹಿಸುವುದು ಅವಸರದ ತೀರ್ಮಾನ. ಹಣ ವಸೂಲಿ ಮಾಡಬೇಕಾದ ಪತ್ರವನ್ನು ಟಪಾಲಿಯವನು ತಪ್ಪದೆ ಮುಟ್ಟಿಸುತ್ತಾನೆಂಬ ನಂಬಿಕೆಯಿಂದ ಬೇಕೆಂದೇ ಚೀಟಿ ಹಚ್ಚದೆ ಕಳುಹಿಸುವವರಿದ್ದರು. ಲಕೋಟೆಯ ಹೊರಗೆ ಒಂದು ಗುರುತು ಹಾಕಿ, ಅದನ್ನು ನೋಡಿದ ಮನೆಯವರು ಪತ್ರವನ್ನು ನಿರಾಕರಿಸಿ ಸುದ್ದಿಯನ್ನು ಮಾತ್ರ ಪಡೆಯುವ ಜಾಣತನವೂ ಹಲವು ದೇಶಗಳಲ್ಲಿ ಕಥೆಯಾಗಿ ಹರಡಿದೆ. ನಿರಾಕರಿಸಿದ ಅಥವಾ ಒಡೆಯನಿಲ್ಲದ ಪತ್ರಗಳು ಸೇರುತ್ತಿದ್ದುದು ‘ಡಿ.ಎಲ್.ಓ.’ ಎಂಬ ಸತ್ತ ಪತ್ರಗಳ ಕಚೇರಿಗೆ. ಆ ಮುದ್ರೆಯಿರುವ ಪತ್ರ ಮನೆಯ ಕಟ್ಟಿನಲ್ಲಿ ಸಿಕ್ಕರೆ ಅದು ಬಂದ ಪತ್ರವಲ್ಲ, ಆ ಮನೆಯಿಂದಲೇ ಹೋಗಿ ಮರಳಿದ ಪತ್ರ. ‘ಟೂ ಲೇಟ್’ ಎಂಬುದು ಚೀಲ ಕಟ್ಟಿದ ಮೇಲೆ ಬಂದ ಪತ್ರದ ಗುರುತು.

1877ರಲ್ಲಿ ಆರಂಭವಾದ ವಿ.ಪಿ. ಪದ್ಧತಿಯ ‘ವಿ.ಪಿ.’ ಮುದ್ರೆಯೂ 1880ರಲ್ಲಿ ಅಂಚೆ ಇಲಾಖೆಗೆ ಬಂದ ಮನಿ ಆರ್ಡರಿನ ಕೂಪನ್ನಿನ ಮುದ್ರೆಯೂ ನಮ್ಮವರ ಗಮನಕ್ಕೆ ಬಂದದ್ದು ಕಡಿಮೆ. ಬಯಲಾಟದ ಪುಸ್ತಕಗಳು, ಪಂಚಾಂಗ, ಔಷಧ ಎಲ್ಲವೂ ವಿ.ಪಿ.ಯಲ್ಲಿ ಬರುತ್ತಿದ್ದವು. ಮುದ್ರಿತ ಪಾಠ ಹಳ್ಳಿಯ ಮೌಖಿಕ ಪಾಠವನ್ನು ಯಾವಾಗ ಮುಟ್ಟಿತೆಂಬ ಪ್ರಶ್ನೆಗೆ ಈ ಹೊದಿಕೆಯ ಚೂರು ಸಾಕ್ಷಿಯಾಗುತ್ತದೆ. ಸಾಂಗಲಿ, ಮಿರಜ, ಜಮಖಂಡಿ, ಮುಧೋಳ ಮೊದಲಾದ ಸಂಸ್ಥಾನಗಳ ಕೋರ್ಟುಫೀ ಮುದ್ರೆಗಳನ್ನು ಮಾತ್ರ ಅಂಚೆಯವೆಂದು ತಿಳಿಯಬಾರದು. ಅವು ವ್ಯಾಜ್ಯದ, ಕರಾರಿನ ಕಾಗದಗಳವು.

ದಂಡಿನಿಂದ ಬಂದ ಪತ್ರಗಳು

ಬೆಳಗಾವಿ ದಂಡಿನ ಊರು. 1922ರ ಪುನರ್ರಚನೆಯ ನಂತರ ಮರಾಠಾ ಪದಾತಿದಳದ ತರಬೇತಿ ಕೇಂದ್ರ ಅಲ್ಲಿ ನೆಲೆಗೊಂಡಿತು. ಯುದ್ಧಕಾಲದ ಪತ್ರಗಳಲ್ಲಿ ಊರಿನ ಹೆಸರಿಲ್ಲದೆ ‘ಎಫ್.ಪಿ.ಓ.’ ಎಂಬ ಅಕ್ಷರಗಳೂ ಅಂಕಿಯೂ ಇರುತ್ತವೆ. ಅದು ದಂಡಿನೊಡನೆ ಸಾಗುವ ರಣರಂಗದ ಕಚೇರಿ. ನೆಲೆಯನ್ನು ಮರೆಮಾಡುವುದೇ ಅಂಕಿಯ ಉದ್ದೇಶವಾದ್ದರಿಂದ ಒಂದೇ ಅಂಕಿ ಇಂದು ಒಂದು ದೇಶದಲ್ಲಿ, ಮುಂದಿನ ವರ್ಷ ಇನ್ನೊಂದು ದೇಶದಲ್ಲಿ ಇರಬಹುದು. ಅಂಕಿ, ದಿನಾಂಕ ಎರಡನ್ನೂ ಹಿಡಿದು ದಳದ ಚಲನೆಯೊಡನೆ ಹೋಲಿಸಿದಾಗ ಮಾತ್ರ ಸ್ಥಳ ತಿಳಿಯುತ್ತದೆ. ಪಕ್ಕದಲ್ಲಿ ಸೆನ್ಸಾರಿನ ಮುದ್ರೆಯೂ ಇರುತ್ತದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳ ಪತ್ರಗಳಿಂದ ಸೆನ್ಸಾರಿನವರು ಅನುವಾದಿಸಿಟ್ಟ ಆಯ್ದ ಭಾಗಗಳು ಇಂದು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿವೆ.

ಪತ್ರಗಳಿಲ್ಲದಿರುವುದೂ ಸಾಕ್ಷ್ಯವಾಗುತ್ತದೆ. ಮೆಸೊಪೊಟೇಮಿಯಾದ ಕುಟ್ ಪಟ್ಟಣದಲ್ಲಿ 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಮುತ್ತಿಗೆಗೆ ಸಿಕ್ಕ ಪುಣೆ ಡಿವಿಜನ್ನಿನಲ್ಲಿ 103, 110 ಮತ್ತು 117ನೆಯ ಮರಾಠಾ ದಳಗಳಿದ್ದವು. ಸಿಪಾಯಿಯೊಬ್ಬನ ಕಾರ್ಡುಗಳ ಕಟ್ಟಿನಲ್ಲಿ ಸರಿಯಾಗಿ ಈ ಅವಧಿಗೆ ಬಿಡುವಿದ್ದು, ಆಮೇಲಿನ ಪತ್ರದ ಮೇಲೆ ಕೆಂಪು ಅರ್ಧಚಂದ್ರದ ಗುರುತೋ ತುರ್ಕಿ ಬರಹವೋ ಕಂಡರೆ ಅವನು ಸೆರೆಯಾಗಿದ್ದನೆಂದು ತಿಳಿಯಬಹುದು. ಮನೆಯವರ ನೆನಪಿನಲ್ಲಿ ‘ಅಜ್ಜ ದಂಡಿಗೆ ಹೋಗಿದ್ದ’ ಎಂಬ ಒಂದೇ ಮಾತು ಉಳಿದಿರುವ ಕಡೆ ಈ ಓದು ತುಂಬ ಬೆಲೆಯುಳ್ಳದ್ದು.

ಜನರೇ ಹಾಕಿದ ಮುದ್ರೆಗಳು

ಸರಕಾರದ ಠಸೆಯ ಜೊತೆಗೆ ಜನರದೇ ಠಸೆಗಳೂ ಪತ್ರದ ಮೇಲಿರುತ್ತವೆ. ಮದುವೆ, ಸೀಮಂತ, ಗೃಹಪ್ರವೇಶದ ಕಾಗದದ ಮೂಲೆಗಳಿಗೆ ಅರಿಸಿನ–ಕುಂಕುಮ ಹಚ್ಚುತ್ತಾರೆ. ಸಾವಿನ ಸುದ್ದಿಯ ಕಾರ್ಡಿನ ಮೂಲೆಯನ್ನು ಹರಿದು ಹಾಕುತ್ತಾರೆ. ಓದು ಬಾರದವರಿಗೂ ಟಪಾಲಿಯವನ ಕೈಯಲ್ಲಿರುವಾಗಲೇ ಸುದ್ದಿಯ ಬಗೆ ತಿಳಿಯಲೆಂದು ಇರುವ ಗುರುತುಗಳಿವು. ಗ್ರಂಥಾಲಯಗಳ ಸೂಚಿಗಳಲ್ಲಿ ಮೊದಲನೆಯದು ‘ಕಲೆ’ಯಾಗಿಯೂ ಎರಡನೆಯದು ‘ಶಿಥಿಲ, ಮೂಲೆ ಇಲ್ಲ’ ಎಂದೂ ದಾಖಲಾಗುವ ಅಪಾಯವಿದೆ. ಸಂರಕ್ಷಣೆಯ ಹೆಸರಿನಲ್ಲಿ ಹರಿದ ಮೂಲೆಗೆ ತೇಪೆ ಹಚ್ಚಿದರೆ ಸಾವಿನ ಪತ್ರವೊಂದು ಕ್ಷೇಮದ ಪತ್ರವಾಗಿಬಿಡುತ್ತದೆ.

ಮೂಲೆ ಹರಿದದ್ದು ಕಳುಹಿಸುವ ಮುನ್ನವೋ ಆಮೇಲೋ ಎಂಬುದನ್ನು ತಿಳಿಯಲು ಅಂಚೆಮುದ್ರೆಯೇ ನೆರವಾಗುವುದುಂಟು. ಮುದ್ರೆ ಹರಿದ ಅಂಚಿಗೆ ತಾಕಿದ್ದರೆ ಭೂತಗನ್ನಡಿಯಿಂದ ಆ ಅಂಚನ್ನು ನೋಡಬೇಕು. ಎದ್ದ ನಾರುಗಳಿಗೂ ಮಸಿ ಹತ್ತಿದ್ದರೆ ಹರಿದದ್ದು ಮೊದಲು, ಮುದ್ರೆ ಆಮೇಲೆ. ಮಸಿ ಮೇಲ್ಮೈಯಲ್ಲಿ ಮಾತ್ರ ನಿಂತು ನಾರು ಬೆಳ್ಳಗಿದ್ದರೆ ಹರಿದದ್ದು ಆಮೇಲೆ. ಇಷ್ಟಾಗಿಯೂ ಸಾವಿನ ಪತ್ರಗಳು ಸಿಗುವುದು ವಿರಳ. ಅವನ್ನು ಮನೆಯೊಳಗೆ ಒಯ್ಯದೆ ಹೊರಗೇ ಓದಿ ಹರಿದುಹಾಕುವ ಸಂಪ್ರದಾಯವಿದೆ. ಆದ್ದರಿಂದ ಮನೆಯಲ್ಲಿ ಉಳಿದ ಪತ್ರಗಳ ರಾಶಿ ಬಂದ ಪತ್ರಗಳ ರಾಶಿಯ ಯಥಾಪ್ರತಿಯಲ್ಲ. ಶುಭವಾರ್ತೆಯ ಕಡೆಗೆ ವಾಲಿದ ಆಯ್ಕೆ ಅದು. ಅಂಕಿಸಂಖ್ಯೆಗಳ ಮೂಲಕ ಪತ್ರವ್ಯವಹಾರವನ್ನು ಅಳೆಯಹೊರಟವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ದಾಖಲೆಯ ಕ್ರಮ

ಇಂಥ ಕಟ್ಟುಗಳಿಗೆ ಒದಗಿರುವ ಗಂಡಾಂತರ ಎರಡು ಬಗೆಯದು. ಮಕ್ಕಳೂ ವ್ಯಾಪಾರಿಗಳೂ ಚೀಟಿಯನ್ನು ನೀರಿನಲ್ಲಿ ನೆನೆಸಿ ಕಿತ್ತಾಗ ಮುದ್ರೆಯ ಅರ್ಧ ಚೀಟಿಯೊಡನೆ ಹೋಗಿ ಇನ್ನರ್ಧ ಕಾಗದದ ಮೇಲೆ ಅನಾಥವಾಗುತ್ತದೆ. ಸಾಮಾನ್ಯವಾಗಿ ಅಸಲು ಪತ್ರದಲ್ಲಿ ಮುದ್ರೆ ಚೀಟಿಯ ಮೇಲಿಂದ ಕಾಗದದ ಮೇಲಕ್ಕೆ ಹಾಯ್ದಿರುತ್ತದೆ. ಪತ್ರದ ಪ್ರಾಮಾಣ್ಯವನ್ನು ಪರೀಕ್ಷಿಸುವ ಮೊದಲ ಸಾಧನವೇ ಆ ಹಾಯುವಿಕೆ. ಎರಡನೆಯದು ತಂತಿ. ಶ್ರದ್ಧೆಯಿಂದ ಕಾಪಾಡಲೆಂದು ಚುಚ್ಚಿದ ತೂತು ಎಷ್ಟೋ ವೇಳೆ ಮುದ್ರೆಯ ಇಸವಿಯ ಮೇಲೆಯೇ ಬಿದ್ದಿರುತ್ತದೆ. ಆದರೆ ತಂತಿಯಿಂದ ಒಂದು ಲಾಭವೂ ಉಂಟು: ಕಾರ್ಡುಗಳು ಬಂದ ಕ್ರಮದಲ್ಲಿಯೇ ಪೋಣಿಸಲ್ಪಟ್ಟಿರುವುದರಿಂದ ಮಾಸಿದ ಮುದ್ರೆಯ ಕಾರ್ಡಿನ ಕಾಲವನ್ನು ಅದರ ಮೇಲಿನ, ಕೆಳಗಿನ ಕಾರ್ಡುಗಳು ಹೇಳುತ್ತವೆ. ತಂತಿಯಿಂದ ಬಿಡಿಸುವ ಮುನ್ನ ಪ್ರತಿ ಕಾರ್ಡಿಗೂ ಅನುಕ್ರಮ ಸಂಖ್ಯೆಯ ಚೀಟಿಯನ್ನು ಇಡುವುದು ಅತ್ಯಗತ್ಯ.

ಗ್ರಂಥಾಲಯಗಳು ಪತ್ರದ ಎರಡೂ ಬದಿಗಳನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಬೇಕು; ಕಪ್ಪುಬಿಳುಪಿನ ನಕಲು ಸಾಲದು. ಬಣ್ಣದ ಚಿತ್ರದಲ್ಲಿ ಚೀಟಿಯ ಬಣ್ಣವನ್ನು ಗಣಕದ ನೆರವಿನಿಂದ ತಗ್ಗಿಸಿದಾಗ ಅದರಡಿ ಮರೆಯಾದ ಕಪ್ಪು ಮುದ್ರೆ ಎದ್ದು ಕಾಣುತ್ತದೆ. ಓರೆ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಮಸಿ ಹಾರಿಹೋದ ಮುದ್ರೆಯ ಒತ್ತು ಕಾಣುವುದುಂಟು. ಸೂಚಿಯಲ್ಲಿ ಹೊರಟ ಮುದ್ರೆ, ದಾರಿಯ ಮುದ್ರೆ, ಮುಟ್ಟಿದ ಮುದ್ರೆ, ಹಣದ ಮುದ್ರೆ ಇವುಗಳನ್ನು ಬೇರೆ ಬೇರೆ ಅಂಕಣಗಳಲ್ಲಿ ಬರೆಯಬೇಕು. ಓದಲಾಗದ ಅಕ್ಷರದ ಜಾಗದಲ್ಲಿ ಊಹೆಯನ್ನು ತುಂಬದೆ ಚುಕ್ಕೆಯನ್ನೇ ಬಿಡಬೇಕು. ಮುದ್ರೆಯಲ್ಲಿರುವ ಕಾಗುಣಿತವನ್ನು ಇಂದಿನ ರೂಪಕ್ಕೆ ತಿದ್ದಬಾರದು. ಬೆಳಗಾವಿಯ ಇಂಗ್ಲಿಷ್ ಬರಹವನ್ನು ‘ಬೆಲ್ಗಾಮ್’ ಎಂಬುದರಿಂದ ಇಂದಿನ ರೂಪಕ್ಕೆ ಅಧಿಕೃತವಾಗಿ ಬದಲಿಸಿದ್ದು 2014ರ ನವೆಂಬರ್ 1ರಂದು. ಹಿಂದಿನ ಮುದ್ರೆಗೆ ಹೊಸ ರೂಪವನ್ನು ಹೊಂದಿಸಿ ಬರೆದ ಸೂಚಿ ಮುಂದಿನ ಸಂಶೋಧಕನನ್ನು ದಾರಿ ತಪ್ಪಿಸುತ್ತದೆ. ಪತ್ರ ಯಾವ ಮನೆಯಲ್ಲಿ, ಯಾವ ಕಟ್ಟಿನಲ್ಲಿ, ಯಾವ ಪತ್ರದ ಪಕ್ಕದಲ್ಲಿ ದೊರೆಯಿತೆಂಬುದನ್ನು ಅದೇ ಹಾಳೆಯಲ್ಲಿ, ಮನೆಯವರ ಒಪ್ಪಿಗೆಯೊಡನೆ, ಬರೆದಿಡಬೇಕು.